ಮಕ್ಕಳ ರಕ್ತನಾಳಕ್ಕೆ ಬೇಕಾದ ಓಡಾಟ: ತೂಕದ ಯಂತ್ರ ಬದಿಗಿಟ್ಟು ಶುರು ಮಾಡಿ

ಮಕ್ಕಳು ಆಡಬೇಕು, ಓಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ಕೇಳಿದರೆ ಹೆಚ್ಚಿನವರ ಮಾತು ತೂಕದ ಹತ್ತಿರವೇ ಬಂದು ನಿಲ್ಲುತ್ತದೆ. ದಪ್ಪಗಿರುವ ಮಗು ಸ್ವಲ್ಪ ಇಳಿಯಲಿ, ಸಣ್ಣಗಿರುವ ಮಗುವಿಗೆ ಏನೂ ತೊಂದರೆ ಇಲ್ಲ. ಈ ಲೆಕ್ಕ ಸರಿಯಲ್ಲ. ಆಟದ ಲಾಭ ನೇರವಾಗಿ ಹೋಗಿ ಸೇರುವ ಜಾಗಗಳಲ್ಲಿ ರಕ್ತನಾಳದ ಗೋಡೆಯೂ ಒಂದು. ಆ ಲಾಭ ಸಿಗಲು ಒಂದು ಕಿಲೋ ಕೂಡ ಇಳಿಯಬೇಕಿಲ್ಲ. ಹಾಗೆಯೇ, ಸಣ್ಣಗಿದ್ದರೂ ಇಡೀ ದಿನ ಕೂತೇ ಇರುವ ಮಗುವಿಗೆ ಆ ಲಾಭ ತಪ್ಪಿಹೋಗುತ್ತದೆ.

ಹಾಗಾಗಿ ಈ ಬರಹದಲ್ಲಿ ತೂಕದ ಮಾತು ಹೆಚ್ಚು ಬರುವುದಿಲ್ಲ. 5ರಿಂದ 17 ವರ್ಷದ ಮಕ್ಕಳ ರಕ್ತನಾಳ ಚೆನ್ನಾಗಿರಲು ಮನೆಯವರು ಏನು ಮಾಡಬಹುದು, ಯಾವ ಕ್ರಮದಲ್ಲಿ ಮಾಡಬಹುದು ಅನ್ನುವುದಷ್ಟೇ ಇಲ್ಲಿದೆ.

ಮೊದಲು, ಒಳಗೆ ನಡೆಯುವುದೇನು?

ರಕ್ತನಾಳದ ಒಳಮೈಗೆ ಒಂದು ತೆಳುವಾದ ಪದರ ಇದೆ. ದಪ್ಪ ಎಷ್ಟು ಅಂದರೆ, ಒಂದೇ ಒಂದು ಜೀವಕೋಶದಷ್ಟು. ಡಾಕ್ಟರುಗಳು ಇದನ್ನು ಎಂಡೋಥೀಲಿಯಂ ಅನ್ನುತ್ತಾರೆ. ನಾವು ಒಳಪದರ ಅಂತಲೇ ಕರೆಯೋಣ.

ಈ ಪದರ ಸುಮ್ನೆ ಅಂಟಿಕೊಂಡು ಕೂತಿದೆ ಅಂತ ತುಂಬಾ ಕಾಲ ಅಂದುಕೊಂಡಿದ್ದರು. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಅವರ ಪ್ರಯೋಗಾಲಯದಲ್ಲಿ ಒಂದು ವಿಷಯ ಬೆಳಕಿಗೆ ಬಂತು. ಮೊಲದ ದೊಡ್ಡ ರಕ್ತನಾಳದ ತುಂಡಿಗೆ ಒಂದು ರಾಸಾಯನಿಕ ಹಾಕಿದರೆ ಅದು ಸಡಿಲವಾಗುತ್ತಿತ್ತು. ಒಳಪದರವನ್ನು ಉಜ್ಜಿ ತೆಗೆದ ತುಂಡಿಗೆ ಅದನ್ನೇ ಹಾಕಿದರೆ ಸಡಿಲವಾಗುತ್ತಿರಲಿಲ್ಲ. ಅಂದರೆ, 'ಸಡಿಲವಾಗು' ಅಂತ ಗೋಡೆಯ ಸ್ನಾಯುವಿಗೆ ಹೇಳುವುದು ಆ ತೆಳು ಪದರವೇ. ಅದು ಹಾಗೆ ಹೇಳಲು ಬಳಸುವ ವಸ್ತು ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಅಂತ ಮುಂದೆ ಗೊತ್ತಾಯಿತು. ಈ ಕೆಲಸಕ್ಕೆ 1998ರಲ್ಲಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ ನೊಬೆಲ್ ಬಂತು.

ಆಟಕ್ಕೂ ಇದಕ್ಕೂ ಏನು ಸಂಬಂಧ? ಮಗು ಓಡಲು ಶುರು ಮಾಡಿದ ಕೂಡಲೇ ಹೃದಯ ಜೋರಾಗಿ ಬಡಿಯುತ್ತದೆ. ರಕ್ತ ರಭಸದಿಂದ ಹರಿಯುತ್ತದೆ. ಆ ರಭಸ ಒಳಪದರವನ್ನು ಸವರಿಕೊಂಡು, ಎಳೆದುಕೊಂಡು ಹೋಗುತ್ತದೆ. ಜೀವಕೋಶಗಳಿಗೆ ಈ ಎಳೆತವೇ ಸೂಚನೆ. ಅವು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ, ನಾಳ ಅಗಲವಾಗುತ್ತದೆ. ದಿನಾ ಹೀಗಾಗುತ್ತಿದ್ದರೆ ಆ ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನೇ ಜಾಸ್ತಿ ಇಟ್ಟುಕೊಳ್ಳುತ್ತವೆ. ಇದರಿಂದ ಇನ್ನೊಂದು ಅನುಕೂಲವೂ ಇದೆ. ನೈಟ್ರಿಕ್ ಆಕ್ಸೈಡ್ ಚೆನ್ನಾಗಿ ಸಿಗುವ ಕಡೆ ರಕ್ತದ ಕಣಗಳು ಗೋಡೆಗೆ ಸುಲಭವಾಗಿ ಅಂಟುವುದಿಲ್ಲ.

ಇದನ್ನು ಅಳೆಯುವ ಪರೀಕ್ಷೆ ನೋಡಲು ಮಜವಾಗಿದೆ. ಮಗುವನ್ನು ಮಲಗಿಸಿ, ಮುಂಗೈಗೆ ಬಿಪಿ ಪಟ್ಟಿ ಸುತ್ತಿ, 5 ನಿಮಿಷ ಬಿಗಿಯಾಗಿ ಹಿಡಿಯುತ್ತಾರೆ. ಆಮೇಲೆ ತಟ್ಟನೆ ಗಾಳಿ ಬಿಡುತ್ತಾರೆ. ತಡೆದಿದ್ದ ರಕ್ತ ಒಮ್ಮೆಲೇ ನುಗ್ಗುತ್ತದೆ. ಮೇಲ್ತೋಳಿನ ರಕ್ತನಾಳದ ಅಗಲ ಸುಮಾರು 3 ಮಿಲಿಮೀಟರ್. ಆ ನುಗ್ಗಿಗೆ ಅದು ಎಷ್ಟು ಹಿಗ್ಗುತ್ತದೆ ಅಂತ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾರೆ. ಹಿಗ್ಗುವುದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಅಷ್ಟೇ. ಆದರೂ ಒಳಪದರದ ಆರೋಗ್ಯ ಆ ಒಂದೆರಡು ಭಾಗದಲ್ಲೇ ಕಾಣುತ್ತದೆ. ಇದು ಸಂಶೋಧನೆಯ ಪರೀಕ್ಷೆ. ನಿಮ್ಮ ಮಗುವಿಗೆ ಮಾಡಿಸಲು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಸ್ಥೂಲಕಾಯದ ಹದಿಹರೆಯದವರಿಗೆ 8 ವಾರ ವ್ಯಾಯಾಮ ಮಾಡಿಸಿ ಇದೇ ಪರೀಕ್ಷೆ ಮಾಡಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಶುರುವಿನಲ್ಲಿ ಅವರ ರಕ್ತನಾಳ ಸರಿಯಾಗಿ ಹಿಗ್ಗುತ್ತಿರಲಿಲ್ಲ. 8 ವಾರ ಮುಗಿಯುವಾಗ ಸಣ್ಣಗಿರುವ ಮಕ್ಕಳಷ್ಟೇ ಚೆನ್ನಾಗಿ ಹಿಗ್ಗುತ್ತಿತ್ತು. ತೂಕ ಮಾತ್ರ ಹೆಚ್ಚು ಕಡಿಮೆ ಅಷ್ಟೇ ಇತ್ತು. ತೂಕದ ಯಂತ್ರ ಬದಿಗಿಡಿ ಅಂತ ನಾನು ಹೇಳುವುದು ಇದಕ್ಕೇ.

ಇಷ್ಟು ಚಿಕ್ಕವರಿಗೆ ಯಾಕೆ ಈ ಚಿಂತೆ?

ರಕ್ತನಾಳದ ಕಾಯಿಲೆ ಐವತ್ತು ದಾಟಿದವರದ್ದು ಅಂತ ನಮ್ಮ ತಲೆಯಲ್ಲಿದೆ. ಕಾಣಿಸಿಕೊಳ್ಳುವುದು ಆಗ, ನಿಜ. ಶುರುವಾಗುವುದು ತುಂಬಾ ಮೊದಲು. ಕೊರಿಯಾ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರ ಹೃದಯಗಳನ್ನು ಡಾಕ್ಟರುಗಳು ಪರೀಕ್ಷೆ ಮಾಡಿದ್ದರು. ವರದಿ ಬಂದಿದ್ದು 1953ರಲ್ಲಿ. ಅವರ ಸರಾಸರಿ ವಯಸ್ಸು 22. ಮುಕ್ಕಾಲು ಪಾಲಿಗೂ ಹೆಚ್ಚು ಮಂದಿಯ ಹೃದಯದ ರಕ್ತನಾಳದಲ್ಲಿ ಕಾಯಿಲೆಯ ಗುರುತು ಕಣ್ಣಿಗೇ ಕಾಣುವಂತಿತ್ತು. ಅಮೆರಿಕದ ಲೂಸಿಯಾನಾ ರಾಜ್ಯದ ಬೊಗಲುಸಾ ಊರಿನಲ್ಲಿ 1970ರ ದಶಕದಲ್ಲಿ ಶುರುವಾದ ಅಧ್ಯಯನ ಇನ್ನೂ ಹಿಂದಕ್ಕೆ ಹೋಯಿತು. ಅಪಘಾತದಂಥ ಕಾರಣಗಳಿಂದ ಸತ್ತ 2ರಿಂದ 15 ವರ್ಷದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಹೃದಯದ ರಕ್ತನಾಳದಲ್ಲಿ ಕೊಬ್ಬಿನ ಗೆರೆಗಳು ಆಗಲೇ ಇದ್ದವು.

ಹೆದರಬೇಡಿ. ಆ ಗೆರೆಗಳೆಲ್ಲ ಮುಂದೆ ಹೃದಯಾಘಾತ ತಂದೇ ತರುತ್ತವೆ ಅಂತಲ್ಲ. ಈ ಹಂತದಲ್ಲಿ ಅವು ಹಿಂದೆ ಸರಿಯಲೂ ಬಹುದು.

ಹಿಂದೆ ಬರದ ವಸ್ತು ಬೇರೆ ಇದೆ. ರಕ್ತನಾಳದ ಗೋಡೆ ಹಿಗ್ಗಿ ಕುಗ್ಗುವುದು ಎಲಾಸ್ಟಿನ್ ಅನ್ನುವ ನಾರಿನಿಂದ. ದೇಹ ಇದನ್ನು ತಯಾರಿಸುವುದು ಹೆಚ್ಚಾಗಿ ಗರ್ಭದಲ್ಲಿದ್ದಾಗ ಮತ್ತು ಬಾಲ್ಯದಲ್ಲಿ. ದೊಡ್ಡವರಾದ ಮೇಲೆ ಹೊಸದಾಗಿ ಬರುವುದು ತೀರಾ ಕಡಿಮೆ. ಬಿಪಿ ಜಾಸ್ತಿ ಇದ್ದರೆ ಈ ನಾರು ಬೇಗ ಸವೆಯುತ್ತದೆ. ಆ ಜಾಗಕ್ಕೆ ಬರುವ ಕೊಲಾಜೆನ್ ಅನ್ನುವ ಗಟ್ಟಿ ನಾರಿಗೆ ಆ ಮೃದುತ್ವ ಇಲ್ಲ. ಗೋಡೆ ಬಿರುಸಾಗುತ್ತದೆ. ಬಾಲ್ಯದಲ್ಲಿ ಸಿಕ್ಕಿದ್ದನ್ನು ಉಳಿಸಿಕೊಳ್ಳುವುದೊಂದೇ ದಾರಿ.

ಹೆಜ್ಜೆ 1: ಒಂದು ವಾರ ಏನೂ ಬದಲಿಸದೆ ನೋಡಿ

ಮೊದಲ ವಾರ ಹೊಸ ನಿಯಮ ಬೇಡ, ಭಾಷಣವಂತೂ ಬೇಡವೇ ಬೇಡ. ಮಗು ಎಷ್ಟು ಹೊತ್ತು ಏದುಸಿರು ಬರುವಂತೆ ಆಡುತ್ತದೆ, ಒಂದೇ ಸಮ ಎಷ್ಟು ಹೊತ್ತು ಕೂತಿರುತ್ತದೆ, ಇವೆರಡನ್ನೇ ಬರೆದಿಡಿ. ಅಂದಾಜು ಸಾಕು.

ಇಲ್ಲಿ ಒಂದು ಮಾತು ನೆನಪಿರಲಿ. ಚಿಕ್ಕ ಮಕ್ಕಳ ಆಟ ದೊಡ್ಡವರ ವ್ಯಾಯಾಮದ ಥರ ಇರುವುದಿಲ್ಲ. 1995ರ ಒಂದು ಅಧ್ಯಯನದಲ್ಲಿ ಮಕ್ಕಳನ್ನು ಕ್ಷಣ ಕ್ಷಣವೂ ಗಮನಿಸಿದ್ದರು. ಅವರ ಜೋರಾದ ಓಟ, ನೆಗೆತಗಳಲ್ಲಿ 95 ಶೇಕಡಾ 15 ಸೆಕೆಂಡಿಗಿಂತ ಚಿಕ್ಕವು! ಓಡುತ್ತಾರೆ, ನಿಲ್ಲುತ್ತಾರೆ, ಏನೋ ಹೆಕ್ಕುತ್ತಾರೆ, ಮತ್ತೆ ಓಡುತ್ತಾರೆ. ಇದು ಚಂಚಲತೆ ಅಲ್ಲ. ಅವರ ಮೈ ಕೆಲಸ ಮಾಡುವ ರೀತಿಯೇ ಹಾಗೆ. ಹಾಗಾಗಿ 7 ವರ್ಷದ ಮಗುವನ್ನು ಅರ್ಧ ಗಂಟೆ ಟ್ರೆಡ್‌ಮಿಲ್ ಮೇಲೆ ನಿಲ್ಲಿಸುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ.

ವಾರದ ಕೊನೆಗೆ ಪಟ್ಟಿ ನೋಡಿದರೆ ಒಂದು ಚಿತ್ರ ಸಿಗುತ್ತದೆ. ಹೆಚ್ಚಿನ ಮನೆಗಳಲ್ಲಿ ಖಾಲಿ ಕಾಣುವುದು ಸಂಜೆ 4ರಿಂದ 7ರ ಹೊತ್ತು. ಶಾಲೆ ಮುಗಿದಿರುತ್ತದೆ, ಆಟ ಶುರುವಾಗಿರುವುದಿಲ್ಲ, ಪರದೆ ಮಾತ್ರ ಶುರುವಾಗಿರುತ್ತದೆ.

ಹೆಜ್ಜೆ 2: ಗುರಿ ಇಟ್ಟುಕೊಳ್ಳಿ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು. 5ರಿಂದ 17 ವರ್ಷದವರಿಗೆ ವಾರದ ಸರಾಸರಿಯಲ್ಲಿ ದಿನಕ್ಕೆ ಕನಿಷ್ಠ 60 ನಿಮಿಷ ಮಧ್ಯಮ ಅಥವಾ ಜೋರಾದ ಚಟುವಟಿಕೆ ಬೇಕು. ವಾರದಲ್ಲಿ ಕನಿಷ್ಠ 3 ದಿನ ಜೋರಾದದ್ದೇ ಇರಬೇಕು, ಸ್ನಾಯು ಮತ್ತು ಮೂಳೆಗೆ ಬಲ ಕೊಡುವಂಥದ್ದೂ ಇರಬೇಕು. 3–4 ವರ್ಷದವರಿಗೆ ಅದೇ ಸಂಸ್ಥೆ 2019ರಲ್ಲಿ ಹೇಳಿದ್ದು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ, ಅದರಲ್ಲಿ ಕನಿಷ್ಠ 60 ನಿಮಿಷ ಚುರುಕಾದದ್ದು.

'ಸರಾಸರಿ' ಅನ್ನುವುದನ್ನು ಗಮನಿಸಿ. ಒಂದು ದಿನ 30 ನಿಮಿಷವಾದರೆ ಆಕಾಶ ಕಳಚಿ ಬೀಳುವುದಿಲ್ಲ. ಇನ್ನೊಂದು ದಿನ 90 ಆಗಲಿ. ಈ 60 ನಿಮಿಷವೂ ಒಂದೇ ಸಲ ಆಗಬೇಕಿಲ್ಲ. ಬೆಳಿಗ್ಗೆ 10, ಶಾಲೆಯ ಬಿಡುವಿನಲ್ಲಿ 15, ಸಂಜೆ 35 ಆದರೂ ಲೆಕ್ಕಕ್ಕೆ ಬರುತ್ತದೆ.

ಈಗ 20 ನಿಮಿಷದಲ್ಲಿರುವ ಮಗುವನ್ನು ನಾಳೆಯೇ 60ಕ್ಕೆ ಎಳೆಯಬೇಡಿ. ವಾರಕ್ಕೆ 5ರಿಂದ 10 ನಿಮಿಷ ಏರಿಸುತ್ತಾ ಹೋಗಿ. ಜಗತ್ತಿನ 11ರಿಂದ 17 ವರ್ಷದವರಲ್ಲಿ 81 ಶೇಕಡಾ ಮಂದಿ ಈ ಗುರಿ ಮುಟ್ಟುತ್ತಿಲ್ಲ ಅಂತ 2016ರ ಲೆಕ್ಕ ಹೇಳುತ್ತದೆ. ನಿಮ್ಮ ಮನೆಯದು ಮಾತ್ರ ವಿಶೇಷ ಸೋಲು ಅಂತ ಕೊರಗಬೇಕಾಗಿಲ್ಲ.

ಹೆಜ್ಜೆ 3: ಕೈಗಡಿಯಾರಕ್ಕಿಂತ ಉಸಿರನ್ನು ನಂಬಿ

ಹೆಜ್ಜೆ ಎಣಿಸುವ ಗಡಿಯಾರ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ರಕ್ತನಾಳಕ್ಕೆ ಬೇಕಾದ ವಿಷಯ ಅದರಲ್ಲಿ ಸಿಗುವುದು ಕಡಿಮೆ. ರಕ್ತದ ರಭಸ ಏರಿತೋ ಇಲ್ಲವೋ ಅನ್ನುವುದು ಮುಖ್ಯ. ಅದನ್ನು ತಿಳಿಯಲು ಮಗುವಿನ ಮಾತು ಕೇಳಿದರೆ ಸಾಕು.

ಮಾತಾಡಲು ಬರುತ್ತದೆ, ಹಾಡಲು ಆಗುವುದಿಲ್ಲ: ಇದು ಮಧ್ಯಮ. ಚುರುಕಾದ ನಡಿಗೆ, ಸಾಧಾರಣ ಸೈಕಲ್ ಸವಾರಿ ಇದರಲ್ಲಿ ಬರುತ್ತವೆ. ನಾಲ್ಕು ಮಾತಾಡಿ ಉಸಿರು ಎಳೆದುಕೊಳ್ಳಬೇಕು: ಇದು ಜೋರು. ಮುಟ್ಟಾಟ, ಫುಟ್‌ಬಾಲ್, ಹಗ್ಗ ಜಿಗಿತ, ವೇಗದ ಈಜು, ಕುಣಿತ. ಹಾಡು ಹಾಡುತ್ತಲೇ ಓಡಾಡುತ್ತಿದ್ದರೆ ಅದು ಹಗುರ. ಕೂತಿರುವುದಕ್ಕಿಂತ ಎಷ್ಟೋ ವಾಸಿ, ಆದರೆ 60 ನಿಮಿಷದ ಲೆಕ್ಕಕ್ಕೆ ಸೇರುವುದಿಲ್ಲ.

ಕೆಲವರು 220ರಿಂದ ವಯಸ್ಸು ಕಳೆದು ಹೃದಯ ಬಡಿತದ ಗುರಿ ಹಾಕಿಕೊಡುತ್ತಾರೆ. ಮಕ್ಕಳಿಗೆ ಆ ಸೂತ್ರ ಹೊಂದುವುದಿಲ್ಲ. ಬಾಲ್ಯ, ಹದಿಹರೆಯದುದ್ದಕ್ಕೂ ಗರಿಷ್ಠ ಬಡಿತ ಹೆಚ್ಚು ಕಡಿಮೆ 200ರ ಆಸುಪಾಸಿನಲ್ಲೇ ಇರುತ್ತದೆ. ವಯಸ್ಸಿನ ಜೊತೆ ವರ್ಷಕ್ಕೊಂದರಂತೆ ಇಳಿಯುವುದಿಲ್ಲ.

ಹೆಜ್ಜೆ 4: ಕೂತ ಹೊತ್ತನ್ನು ಮುರಿಯಿರಿ

ನನ್ನ ಮಟ್ಟಿಗೆ ಇಡೀ ಬರಹದಲ್ಲಿ ಅತಿ ಸುಲಭವಾಗಿ ಮಾಡಬಹುದಾದ ಹೆಜ್ಜೆ ಇದೇ. ಜನ ಅಸಡ್ಡೆ ಮಾಡುವುದೂ ಇದನ್ನೇ.

ಕೂತಾಗ ಮೊಣಕಾಲು, ಸೊಂಟದ ಹತ್ತಿರ ರಕ್ತನಾಳ ಮಡಚಿಕೊಳ್ಳುತ್ತದೆ. ಕಾಲಿನ ಸ್ನಾಯುಗಳಿಗೆ ಕೆಲಸ ಇಲ್ಲದ್ದರಿಂದ ಅಲ್ಲಿಗೆ ಹರಿಯುವ ರಕ್ತ ನಿಧಾನವಾಗುತ್ತದೆ. ರಭಸ ಇಲ್ಲ ಅಂದರೆ ಒಳಪದರಕ್ಕೆ ಸೂಚನೆಯೂ ಇಲ್ಲ. 7ರಿಂದ 10 ವರ್ಷದ ಹುಡುಗಿಯರನ್ನು 3 ಗಂಟೆ ಒಂದೇ ಸಮ ಕೂರಿಸಿ ನೋಡಿದ ಪ್ರಯೋಗ ಇದೆ. ಕಾಲಿನ ರಕ್ತನಾಳ ಹಿಗ್ಗುವ ಶಕ್ತಿ ಅಷ್ಟರಲ್ಲೇ ತಗ್ಗಿತ್ತು. ಅದೇ ಹುಡುಗಿಯರು ಇನ್ನೊಂದು ದಿನ ಗಂಟೆಗೊಮ್ಮೆ 10 ನಿಮಿಷ ಮಧ್ಯಮ ವ್ಯಾಯಾಮ ಮಾಡಿದರು. ಆ ದಿನ ತಗ್ಗಲಿಲ್ಲ.

ಮನೆಯಲ್ಲಿ ಹೀಗೆ ಮಾಡಬಹುದು:

- ಓದುವಾಗ 30–40 ನಿಮಿಷಕ್ಕೊಮ್ಮೆ ಏಳಲಿ. ಟೈಮರ್ ಇಡುವ ಕೆಲಸ ಮಗುವಿಗೇ ಕೊಡಿ. ನೀವು ಕೂಗಿ ಎಬ್ಬಿಸಿದರೆ ಅದು ಕಿರಿಕಿರಿ, ತಾನೇ ಇಟ್ಟ ಟೈಮರ್ ಆದರೆ ಬಿಡುವು.
- ಎದ್ದಾಗ ಮೆಟ್ಟಿಲು ಹತ್ತಿ ಇಳಿಯಲಿ. ಮೆಟ್ಟಿಲು ಇಲ್ಲವಾ? ಬೆರಳ ತುದಿಯಲ್ಲಿ ನಿಂತು ಇಳಿಯುವುದು 20 ಸಲ, ಕೂತು ಏಳುವುದು 10 ಸಲ.
- ಬಾಯಿಪಾಠ ಓಡಾಡಿಕೊಂಡೇ ಆಗಲಿ. ಫೋನ್ ಮಾತು ಕೂಡ.
- ಒಂದು ಕಂತು ನೋಡಿದ ಮೇಲೆ ಮುಂದಿನದು ತಾನಾಗಿ ಶುರುವಾಗುವ ಸೆಟ್ಟಿಂಗ್ ಆಫ್ ಮಾಡಿ. ಇಷ್ಟರಿಂದಲೇ ಏಳಲು ಒಂದು ನೆಪ ಸಿಗುತ್ತದೆ.

ಸಂಜೆ ಒಂದು ಗಂಟೆ ಫುಟ್‌ಬಾಲ್ ಆಡುತ್ತಾನೆ, ಉಳಿದ ಹೊತ್ತು ಕೂತರೆ ಏನಂತೆ ಅಂತ ಕೇಳುವವರಿದ್ದಾರೆ. ಆ ಒಂದು ಗಂಟೆಯ ಲಾಭ ಅವನದೇ, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೆ ಕಾಲಿನ ರಕ್ತನಾಳಕ್ಕೆ ಉಳಿದ ಹೊತ್ತೂ ಲೆಕ್ಕವೇ.

ಹೆಜ್ಜೆ 5: ಜೋರಾದದ್ದನ್ನು ತುಂಡು ಮಾಡಿ ಕೊಡಿ

ಸಮಯ ಕಡಿಮೆ ಇರುವ ಹದಿಹರೆಯದವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಒಂದು ನಿಮಿಷ ಜೋರು, ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ನಿಧಾನ. ಹೀಗೆ 8 ಸುತ್ತು. ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ ಹದಿಹರೆಯದವರಿಗೆ ಇಷ್ಟನ್ನೇ ಸೈಕಲ್ ಮೇಲೆ ಮಾಡಿಸಿ, ಒಂದು ಗಂಟೆ ಬಿಟ್ಟು ಕೊಬ್ಬು ತುಂಬಿದ ಊಟ ಕೊಟ್ಟಿದ್ದರು. ಅಂಥ ಊಟ ಆದ ಕೆಲವು ಗಂಟೆ ರಕ್ತನಾಳ ಹಿಗ್ಗುವ ಶಕ್ತಿ ಸಾಮಾನ್ಯವಾಗಿ ಕುಗ್ಗುತ್ತದೆ. ಸುಮ್ನೆ ಕೂತಿದ್ದ ದಿನ ಕುಗ್ಗಿತು. ಮಧ್ಯಮ ವೇಗದಲ್ಲಿ ಸೈಕಲ್ ತುಳಿದ ದಿನ ಕುಗ್ಗಲಿಲ್ಲ. ತುಂಡು ತುಂಡಾಗಿ ಜೋರು ಮಾಡಿದ ದಿನ ಇನ್ನೂ ಹೆಚ್ಚಿತ್ತು. ಹಾಗಂತ ಓಡಿದರೆ ಏನು ಬೇಕಾದರೂ ತಿನ್ನಬಹುದು ಅಂತ ಮಕ್ಕಳಿಗೆ ಹೇಳಿಕೊಡಬೇಡಿ. ಅವರು ಆ ವಾಕ್ಯವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ!

ಮಾಡುವ ಕ್ರಮ: 5 ನಿಮಿಷ ಸಾಧಾರಣ ವೇಗದಲ್ಲಿ ಮೈ ಬಿಸಿ ಮಾಡಿಕೊಳ್ಳಲಿ. ಮೊದಲ ವಾರ 4 ಸುತ್ತು ಸಾಕು, ಎರಡೆರಡು ವಾರಕ್ಕೆ ಒಂದೆರಡು ಸುತ್ತು ಸೇರಿಸಿ. ಕೊನೆಗೆ 5 ನಿಮಿಷ ನಡೆದು ನಿಲ್ಲಲಿ. ಜೋರಾಗಿ ಓಡಿ ತಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತಬಹುದು. ವಾರಕ್ಕೆ 2–3 ದಿನ ಸಾಕು. 12 ವರ್ಷಕ್ಕಿಂತ ಚಿಕ್ಕವರಿಗೆ ಈ ಸುತ್ತಿನ ಲೆಕ್ಕವೇ ಬೇಡ, ಮುಟ್ಟಾಟ ಆಡಿದರೆ ಅದರಲ್ಲೇ ಎಲ್ಲ ಬಂತು.

ಬಲದ ವ್ಯಾಯಾಮದ ಬಗ್ಗೆ ಒಂದು ಹಳೆಯ ಭಯ ಇದೆ, ಎತ್ತರ ಬೆಳೆಯುವುದು ನಿಂತುಹೋಗುತ್ತದೆ ಅಂತ. ಗೊತ್ತಿರುವವರ ಕಣ್ಣೆದುರು, ಸರಿಯಾದ ಭಂಗಿಯಲ್ಲಿ, ಹಗುರವಾಗಿ ಶುರು ಮಾಡಿದರೆ ಹಾಗೇನೂ ಆಗುವುದಿಲ್ಲ. ಚಿಕ್ಕವರಿಗೆ ಮರ ಹತ್ತುವುದು, ಕಂಬಿಗೆ ಜೋತಾಡುವುದು, ಕುಪ್ಪಳಿಸುವುದೇ ಬಲದ ವ್ಯಾಯಾಮ. ಹದಿಹರೆಯದವರು ತಮ್ಮ ಮೈಭಾರದಿಂದಲೇ ಶುರು ಮಾಡಲಿ. ಭಾರ ಎತ್ತುವಾಗ ಉಸಿರು ಕಟ್ಟಬಾರದು. ಉಸಿರು ಕಟ್ಟಿ ತಿಣುಕಿದರೆ ಬಿಪಿ ಸರ್ರನೆ ಏರುತ್ತದೆ. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ತೆಗೆದುಕೊಳ್ಳಬೇಕು.

ಹೆಜ್ಜೆ 6: ಹದಿಹರೆಯದಲ್ಲಿ ಕೈ ತಪ್ಪದಂತೆ ನೋಡಿಕೊಳ್ಳಿ

10 ವರ್ಷದ ತನಕ ಓಡಿಕೊಂಡಿದ್ದ ಮಗು 14ಕ್ಕೆ ಮಂಚ ಬಿಟ್ಟು ಏಳುವುದಿಲ್ಲ. ಹುಡುಗಿಯರಲ್ಲಿ ಇದು ಇನ್ನೂ ಜಾಸ್ತಿ. ಆ 2016ರ ಲೆಕ್ಕದಲ್ಲಿ ಗುರಿ ಮುಟ್ಟದ ಹುಡುಗರು 78 ಶೇಕಡಾ, ಹುಡುಗಿಯರು 85.

ಇದನ್ನು ಸೋಮಾರಿತನ ಅಂತ ಬೈದರೆ ಕೆಲಸ ಕೆಡುತ್ತದೆ. ಮೈ ಬದಲಾಗುತ್ತಿರುತ್ತದೆ, ಬೇರೆಯವರು ನೋಡುತ್ತಾರೆ ಅನ್ನುವ ಸಂಕೋಚ ಇರುತ್ತದೆ. ತಂಡಕ್ಕೆ ಆಯ್ಕೆ ಆಗದವರಿಗೆ ಆಟವೇ ಮುಗಿದಂತೆ ಅನ್ನಿಸುತ್ತದೆ. ಶಾಲೆಗಳಲ್ಲಿ ತಪ್ಪು ಮಾಡಿದವರಿಗೆ ಮೈದಾನ ಸುತ್ತುವ ಶಿಕ್ಷೆ ಕೊಡುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಓಟ ಅಂದರೆ ಶಿಕ್ಷೆ ಅಂತ ಒಮ್ಮೆ ಮನಸ್ಸಿಗೆ ಕೂತರೆ ಅದನ್ನು ಬಿಡಿಸುವುದು ಸುಲಭವಾ?

ಅವರಿಗೇ ಆಯ್ಕೆ ಬಿಡಿ. ಡ್ಯಾನ್ಸ್, ಬ್ಯಾಡ್ಮಿಂಟನ್, ಸೈಕಲ್, ಸ್ಕೇಟಿಂಗ್, ಕರಾಟೆ, ಗೆಳತಿಯ ಜೊತೆ ಬಿರುಸು ನಡಿಗೆ, ಯಾವುದಾದರೂ ಸರಿ. ರಕ್ತನಾಳಕ್ಕೆ ಆಟದ ಹೆಸರು ಗೊತ್ತಿಲ್ಲ. ಮುಟ್ಟಿನ ದಿನಗಳಲ್ಲಿ ಆಡಬಾರದು ಅನ್ನುವ ನಿಯಮವೂ ಇಲ್ಲ. ಹೊಟ್ಟೆನೋವು ಜಾಸ್ತಿ ಇದ್ದರೆ ಆ ದಿನ ಬಿಡಲಿ, ಅಷ್ಟೇ. ಸ್ಪರ್ಧೆ ಬೇಡ ಅನ್ನುವವರಿಗೆ ಸ್ಪರ್ಧೆ ಇಲ್ಲದ್ದು ಹುಡುಕಿ. ಮೈ ಬಗ್ಗೆ, ತೂಕದ ಬಗ್ಗೆ ಟೀಕೆ ಮಾತ್ರ ಬೇಡ.

ಇದೇ ವಯಸ್ಸಿನಲ್ಲಿ ಸಿಗರೇಟು, ವೇಪ್ (ಇ-ಸಿಗರೇಟು) ಹತ್ತಿರ ಬರುತ್ತವೆ. ಎರಡೂ ಅದೇ ಒಳಪದರವನ್ನು ಕೆಡಿಸುತ್ತವೆ. ಮನೆಯಲ್ಲಿ ದೊಡ್ಡವರು ಸೇದಿದ ಹೊಗೆಯೂ ಅಷ್ಟೇ. ಆಟ ಅದನ್ನು ತೊಳೆದು ಹಾಕುವುದಿಲ್ಲ. ಎನರ್ಜಿ ಡ್ರಿಂಕ್ ಕುಡಿದು ಆಡಲು ಇಳಿಯುವುದೂ ಬೇಡ, ನೀರು ಸಾಕು. ನಿದ್ದೆ 6–12 ವರ್ಷದವರಿಗೆ 9ರಿಂದ 12 ಗಂಟೆ, 13–18ರವರಿಗೆ 8ರಿಂದ 10 ಗಂಟೆ ಬೇಕು. ರಾತ್ರಿ 1 ಗಂಟೆಗೆ ಮಲಗಿದವನನ್ನು ಬೆಳಿಗ್ಗೆ 5ಕ್ಕೆ ಓಡಲು ಎಬ್ಬಿಸುವುದರಲ್ಲಿ ಅರ್ಥವಿಲ್ಲ.

ಹೆಜ್ಜೆ 7: ಅಳೆಯುವುದಾದರೆ ನಾಡಿ ಮತ್ತು ಬಿಪಿ

ನಾಡಿ ನೋಡುವುದನ್ನು ಮಗುವಿಗೇ ಕಲಿಸಿ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕಡೆ, ತೋರುಬೆರಳು ಮತ್ತು ನಡುಬೆರಳು ಇಟ್ಟು ಹಗುರವಾಗಿ ಒತ್ತಬೇಕು. ಹೆಬ್ಬೆರಳಿನಿಂದ ನೋಡಿದರೆ ಅದರದ್ದೇ ಮಿಡಿತ ಸೇರಿ ಲೆಕ್ಕ ತಪ್ಪುತ್ತದೆ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಲಿ. ಒಂದು ನಿಮಿಷ ಹಗ್ಗ ಜಿಗಿದು ಮತ್ತೆ ನೋಡಲಿ, ಎರಡು ನಿಮಿಷ ಬಿಟ್ಟು ಇನ್ನೊಮ್ಮೆ. ಕೆಲವು ವಾರ ಆಡಿದ ಮೇಲೆ ಇದೇ ಆಟ ಮಾಡಿದರೆ ಬಡಿತ ಬೇಗ ಇಳಿಯುವುದು ಸಾಮಾನ್ಯವಾಗಿ ಕಾಣುತ್ತದೆ. ಮಕ್ಕಳಿಗೆ ಇದು ಇಷ್ಟವಾಗುತ್ತದೆ, ಯಾಕೆಂದರೆ ಇಲ್ಲಿ ಗೆಲ್ಲಬೇಕಾದದ್ದು ತಮ್ಮ ಹಿಂದಿನ ಲೆಕ್ಕವನ್ನು.

ಬಿಪಿ ವಿಷಯ ಸ್ವಲ್ಪ ಜಾಗ್ರತೆ. ಅಮೆರಿಕದ ಮಕ್ಕಳ ವೈದ್ಯರ 2017ರ ಮಾರ್ಗಸೂಚಿಯಂತೆ 3 ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಬಿಪಿ ನೋಡಬೇಕು. 13 ವರ್ಷಕ್ಕಿಂತ ಚಿಕ್ಕವರಿಗೆ ಒಂದೇ ಸಂಖ್ಯೆ ಇಲ್ಲ. ವಯಸ್ಸು, ಎತ್ತರ, ಹುಡುಗನೋ ಹುಡುಗಿಯೋ ಅನ್ನುವುದರ ಮೇಲೆ ಕೋಷ್ಟಕ ನೋಡಿ ಡಾಕ್ಟರೇ ಹೇಳಬೇಕು. 13 ದಾಟಿದವರಿಗೆ 120/80ಕ್ಕಿಂತ ಕೆಳಗಿದ್ದರೆ ಸರಿ, 130/80 ಅಥವಾ ಮೇಲಿದ್ದರೆ ಅದು ಹೆಚ್ಚು.

ಅಳೆಯುವಾಗ ಆಗುವ ದೊಡ್ಡ ಎಡವಟ್ಟು ಪಟ್ಟಿಯದ್ದು. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ 80ರಿಂದ 100 ಶೇಕಡಾ ಭಾಗವನ್ನು ಸುತ್ತಬೇಕು. ತೋಳಿಗೆ ಚಿಕ್ಕದಾದ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ತೋರಿಸುತ್ತದೆ. ದಪ್ಪ ತೋಳಿನ ಹುಡುಗನಿಗೆ ದೊಡ್ಡವರ ಪಟ್ಟಿಯೇ ಬೇಕಾಗಬಹುದು. ಮಗು 3ರಿಂದ 5 ನಿಮಿಷ ಸುಮ್ನೆ ಕೂತಿರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಬಲತೋಳು ಹೃದಯದ ಮಟ್ಟಕ್ಕೆ. ಓಡಿ ಬಂದ ಕೂಡಲೇ ನೋಡಿ ಗಾಬರಿಯಾಗಬೇಡಿ. ಒಂದು ಸಲ ಜಾಸ್ತಿ ಬಂದರೆ ಕಾಯಿಲೆ ಅಂತಲೂ ಅಲ್ಲ, ಬೇರೆ ಬೇರೆ ದಿನ ನೋಡಿ ತೀರ್ಮಾನಿಸುತ್ತಾರೆ.

ಮೊದಲು ಡಾಕ್ಟರನ್ನು ಕೇಳಬೇಕಾದವರು

ಆಡುವಾಗ ಎದೆನೋವು ಬಂದರೆ, ಓಡುತ್ತಿರುವಾಗಲೇ ಎಚ್ಚರ ತಪ್ಪಿ ಬಿದ್ದರೆ, ಹೃದಯ ತಾಳ ತಪ್ಪಿದಂತೆ ಬಡಿದರೆ, ಜೊತೆಯವರಿಗೆ ಇಲ್ಲದಷ್ಟು ಉಸಿರುಗಟ್ಟಿದರೆ ಆಟ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಅವರು ನೋಡಿ ಸರಿ ಅನ್ನುವ ತನಕ ಜೋರಾದ ಆಟ ಬೇಡ. ಮನೆತನದಲ್ಲಿ ಯಾರಾದರೂ 50 ವರ್ಷದೊಳಗೆ ದಿಢೀರ್ ಸತ್ತಿದ್ದರೆ ಅದನ್ನೂ ಹೇಳಿ.

ಹುಟ್ಟಿನಿಂದ ಹೃದಯದ ತೊಂದರೆ ಇರುವವರು, ಕವಾಸಾಕಿ ಕಾಯಿಲೆ (ಚಿಕ್ಕ ಮಕ್ಕಳ ರಕ್ತನಾಳದಲ್ಲಿ ಉರಿಯೂತ ತರುವ ಕಾಯಿಲೆ) ಬಂದು ಹೋದವರು ಎಷ್ಟು ಆಡಬಹುದು ಅಂತ ತಮ್ಮ ಹೃದಯ ತಜ್ಞರಿಂದಲೇ ಕೇಳಿ ತಿಳಿಯಬೇಕು. ಇವರಲ್ಲಿ ಬಹಳಷ್ಟು ಮಕ್ಕಳು ಆಡಬಹುದು, ಆಡಬೇಕು ಕೂಡ. ಭಯದಿಂದ ಮೂಲೆಯಲ್ಲಿ ಕೂರಿಸಬೇಡಿ. ಆಸ್ತಮಾ ಇದ್ದರೆ ಇನ್ಹೇಲರ್ ಯಾವಾಗ ಅಂತ ಕೇಳಿಕೊಂಡು ಆಡಲಿ. ಟೈಪ್ 1 ಡಯಾಬಿಟಿಸ್ ಇರುವವರು ಆಟಕ್ಕೆ ಮೊದಲು ಶುಗರ್ ನೋಡಿಕೊಳ್ಳಬೇಕು, ಬೇಗ ಕರಗುವ ಸಿಹಿ ಜೇಬಿನಲ್ಲಿರಬೇಕು.

ಅಪ್ಪನ ಕಡೆಯೋ ಅಮ್ಮನ ಕಡೆಯೋ ಹತ್ತಿರದ ಗಂಡಸರಿಗೆ 55ರೊಳಗೆ, ಹೆಂಗಸರಿಗೆ 65ರೊಳಗೆ ಹೃದಯಾಘಾತ ಆಗಿದ್ದರೆ ಮಗುವಿನ ಕೊಲೆಸ್ಟರಾಲ್ ಪರೀಕ್ಷೆಯ ಬಗ್ಗೆ ಕೇಳಿ. ವಂಶದಿಂದ ಬರುವ ಹೆಚ್ಚು ಕೊಲೆಸ್ಟರಾಲ್ ಬರೀ ಆಟದಿಂದ ಇಳಿಯುವುದಿಲ್ಲ, ಔಷಧ ಬೇಕಾಗಬಹುದು.

ನಡುವೆ ನಿಂತುಹೋದರೆ

ಪರೀಕ್ಷೆ, ಜ್ವರ, ಪ್ರಯಾಣ, ಏನಾದರೊಂದು ಬಂದೇ ಬರುತ್ತದೆ. ರಕ್ತನಾಳಕ್ಕೆ ಸಿಕ್ಕ ಲಾಭ ಕೂಡಿಟ್ಟ ಹಣದಂತೆ ಹಾಗೇ ಉಳಿಯುವುದಿಲ್ಲ. 9ರಿಂದ 12 ವರ್ಷದ, ತೂಕ ಹೆಚ್ಚಿರುವ ಮಕ್ಕಳ ಮೇಲೆ ಹಾಂಗ್‌ಕಾಂಗ್‌ನಲ್ಲಿ ನಡೆದ ಅಧ್ಯಯನದಲ್ಲಿ 6 ವಾರದ ಆಹಾರ ಪಥ್ಯ ಮತ್ತು ವ್ಯಾಯಾಮದಿಂದ ರಕ್ತನಾಳ ಸುಧಾರಿಸಿತ್ತು. ಒಂದು ವರ್ಷದ ಮೇಲೆ ನೋಡಿದಾಗ ವ್ಯಾಯಾಮ ಮುಂದುವರಿಸಿದವರಲ್ಲಿ ಲಾಭ ಉಳಿದಿತ್ತು, ಬಿಟ್ಟವರಲ್ಲಿ ಜಾರಿತ್ತು.

ಪರೀಕ್ಷೆಯ ದಿನಗಳಲ್ಲಿ 60 ನಿಮಿಷ ಆಗದಿದ್ದರೆ ಹೆಜ್ಜೆ 4 ಒಂದನ್ನಾದರೂ ಬಿಡಬೇಡಿ, ಜೊತೆಗೆ ದಿನಕ್ಕೆ 15 ನಿಮಿಷ ಹಗ್ಗ ಜಿಗಿಯಲಿ. ಜ್ವರ ಇದ್ದಾಗ ಮಾತ್ರ ಪೂರ್ತಿ ವಿಶ್ರಾಂತಿ. ಜ್ವರ ಬಿಟ್ಟು, ಹಸಿವು, ಲವಲವಿಕೆ ಮರಳಿದ ಮೇಲೆ ಮೊದಲ ಎರಡು ದಿನ ನಡಿಗೆ, ಆಮೇಲೆ ಮೊದಲಿನ ಅರ್ಧದಷ್ಟು ಆಟ, ಅದು ಸುಲಭವಾದರೆ ಪೂರ್ತಿ. ಮರಳಿ ಆಡುವಾಗ ಎದೆನೋವೋ, ಮೊದಲಿಲ್ಲದ ಸುಸ್ತೋ ಕಂಡರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.